ಒಂದೇ ತಾರೀಕು, ಮೂರು ಗೆರೆ: ಅಕ್ಟೋಬರ್ 1 ಮತ್ತು ಬಳ್ಳಾರಿಯ ಕೇರಿ

1

ದಿನಪತ್ರಿಕೆಗಳ ಮೂಲೆಯಲ್ಲಿ ‘ಚರಿತ್ರೆಯಲ್ಲಿ ಈ ದಿನ’ ಎಂಬ ಒಂದು ಸಣ್ಣ ಚೌಕ ಇರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ಒಬ್ಬ ರಾಜ ಪಟ್ಟಕ್ಕೆ ಬಂದದ್ದು, ಒಂದು ಯಂತ್ರ ಕಂಡುಹಿಡಿದದ್ದು, ಒಬ್ಬ ನಾಯಕ ತೀರಿಕೊಂಡದ್ದು ಎಲ್ಲವೂ ಒಂದೇ ತಾರೀಕಿನ ಕೆಳಗೆ ಸಾಲಾಗಿ ನಿಲ್ಲುತ್ತವೆ. ಇವುಗಳಿಗೆ ಒಂದಕ್ಕೊಂದು ಸಂಬಂಧವೇನು ಅಂತ ಕೇಳಿದರೆ ಏನೂ ಇಲ್ಲ, ಕಾಕತಾಳೀಯ. ಇರಬಹುದು. ಆದರೆ ಯಾವ ಘಟನೆಯನ್ನು ಆ ಚೌಕದೊಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಹೊರಗೆ ನಿಲ್ಲಿಸಬೇಕು ಎನ್ನುವುದು ಮಾತ್ರ ಕಾಕತಾಳೀಯ ಅಲ್ಲ. ಅಲ್ಲಿ ಊರೂ ಇದೆ, ಕೇರಿಯೂ ಇದೆ.

ಒಂದು ಉದಾಹರಣೆ ನೋಡೋಣ. 1920ರ ಆಗಸ್ಟ್ 1ರಂದು ಮುಂಬಯಿಯಲ್ಲಿ ಬಾಲ ಗಂಗಾಧರ ತಿಲಕರು ತೀರಿಕೊಂಡರು. ಗಾಂಧಿಯವರು ಅಸಹಕಾರ ಚಳವಳಿ ಶುರುಮಾಡಿದ್ದೂ ಆ ದಿನವೇ. ಇವೆರಡನ್ನೂ ನಮ್ಮ ಪಠ್ಯಪುಸ್ತಕಗಳು ಹೇಳಿಕೊಡುತ್ತವೆ. ಅದೇ ದಿನ ಸಾಂಗ್ಲಿ ಸೀಮೆಯ ವಾಟೇಗಾಂವದ ಮಾಂಗ ಕೇರಿಯಲ್ಲಿ ಅಣ್ಣಾಭಾವು ಸಾಠೆ ಹುಟ್ಟಿದರು. ಶಾಲೆಯ ಕಟ್ಟೆ ಹತ್ತಿದ್ದು ಇಲ್ಲವೆನ್ನುವಷ್ಟು ಕಡಿಮೆ, ಆದರೂ ಮರಾಠಿ ಕಾದಂಬರಿಯನ್ನೂ ತಮಾಷಾವನ್ನೂ ದುಡಿಯುವ ಜನರ ಕಡೆ ತಿರುಗಿಸಿದ ಮನುಷ್ಯ. ಒಂದೇ ದಿನದ ಸಾವು ದೇಶದ ಚರಿತ್ರೆಯಾಯಿತು, ಅದೇ ದಿನದ ಹುಟ್ಟು ಒಂದು ಜಾತಿಯ ಜಯಂತಿಯಾಗಿ ಉಳಿಯಿತು.

ಇನ್ನೊಂದು ತಾರೀಕು ಡಿಸೆಂಬರ್ 25. 1927ರ ಆ ದಿನ ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮನುಸ್ಮೃತಿಯನ್ನು ಸುಟ್ಟರು. 1968ರ ಅದೇ ದಿನ ತಮಿಳುನಾಡಿನ ತಂಜಾವೂರು ಜಿಲ್ಲೆಯ ಕೀಳ್‌ವೆಣ್ಮಣಿಯಲ್ಲಿ, ಕೂಲಿ ಹೆಚ್ಚು ಕೇಳಿದ ತಪ್ಪಿಗೆ, ಒಂದು ಗುಡಿಸಿಲಿನೊಳಗೆ 44 ಮಂದಿ ದಲಿತರನ್ನು ಸುಟ್ಟರು. ಪುಸ್ತಕ ಸುಟ್ಟವರನ್ನು ಇವತ್ತಿಗೂ ಹಿಂಸಾವಾದಿಗಳು ಅನ್ನುವವರಿದ್ದಾರೆ. ಮನುಷ್ಯರನ್ನು ಸುಟ್ಟ ಆರೋಪ ಹೊತ್ತ ಭೂಮಾಲೀಕರು ಹೈಕೋರ್ಟಿನಲ್ಲಿ ಬಿಡುಗಡೆಯಾದರು. ಈ ಎರಡು ಬೆಂಕಿಗಳನ್ನು ಒಟ್ಟಿಗೆ ಇಟ್ಟು ಓದಿದಾಗ ತಾರೀಕು ಬರೀ ಅಂಕಿಯಾಗಿ ಉಳಿಯುವುದಿಲ್ಲ. ಹಾಗಾಗಿ ‘ಈ ದಿನ’ದ ಚೌಕವನ್ನು ನಾವು ತಳ್ಳಿಹಾಕಬೇಕಿಲ್ಲ, ಕೇರಿಯ ಕಡೆಯಿಂದ ತುಂಬಬೇಕಿದೆ.

ಈ ಲೇಖನದಲ್ಲಿ ನಾನು ಹಾಗೆ ಓದಲು ಹೊರಟಿರುವುದು ಬಳ್ಳಾರಿಯ ಒಂದು ತಾರೀಕನ್ನು. ಅದು ಅಕ್ಟೋಬರ್ 1. ಆ ದಿನ ಈ ಜಿಲ್ಲೆಯ ಮೇಲೆ ಮೂರು ಸಲ ಮೂರು ಗೆರೆಗಳು ಬಿದ್ದಿವೆ: 1921ರಲ್ಲಿ ಭಾಷೆಯದು, 1953ರಲ್ಲಿ ರಾಜ್ಯದ್ದು, 2013ರಲ್ಲಿ ಪ್ರದೇಶದ್ದು. ಮೂರೂ ಸಲ ಎದ್ದ ಪ್ರಶ್ನೆ ಒಂದೇ. ದೊಡ್ಡದರೊಳಗೆ ಸಿಕ್ಕಿಕೊಂಡ ಸಣ್ಣದಕ್ಕೆ ರಕ್ಷಣೆ ಯಾರು ಕೊಡಬೇಕು? ಈ ಪ್ರಶ್ನೆಯನ್ನು ಭಾಷೆ ಕೇಳಿದಾಗ ಉತ್ತರ ಸಿಕ್ಕಿತು, ನೀರು ಕೇಳಿದಾಗ ಸಿಕ್ಕಿತು, ಪ್ರದೇಶ ಕೇಳಿದಾಗಲೂ ಸಿಕ್ಕಿತು. ಕೇರಿ ಕೇಳಿದಾಗ ಏನಾಯಿತು ಎನ್ನುವುದೇ ಇಲ್ಲಿಯ ವಿಚಾರ.

2

1921ರ ಅಕ್ಟೋಬರ್ 1ರಂದು ಗಾಂಧಿಯವರು ಬಳ್ಳಾರಿಗೆ ಬಂದರು. ಮಧುರೆಯಲ್ಲಿ ಮೈಮೇಲಿನ ಬಟ್ಟೆ ಕಳಚಿ ತುಂಡುಪಂಚೆ ಉಟ್ಟು ಇನ್ನೂ ಹತ್ತು ದಿನ ಆಗಿರಲಿಲ್ಲ. ಆಗ ಬಳ್ಳಾರಿ ಮದರಾಸು ಪ್ರಾಂತ್ಯದ ಜಿಲ್ಲೆ. 1800ರಲ್ಲಿ ನಿಜಾಮನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ಸೀಮೆಯ ಒಂದು ಭಾಗ. ಕನ್ನಡವೂ ತೆಲುಗೂ ಬೆರೆತ ಈ ಜಿಲ್ಲೆ ಆಂಧ್ರ ಕಾಂಗ್ರೆಸ್ ಸಮಿತಿಗೆ ಸೇರಬೇಕೋ ಕರ್ನಾಟಕ ಸಮಿತಿಗೆ ಸೇರಬೇಕೋ ಎಂಬ ಜಗಳ ಆಗ ಜೋರಾಗಿತ್ತು. ಎರಡು ಗುಂಪಿನವರೂ ಮಹಾತ್ಮರನ್ನು ನಮ್ಮವರು ಅಂತ ಎಳೆದಾಡಿದರೆಂದೂ, ಅವರು ಆ ರಾತ್ರಿಯನ್ನು ರೈಲು ನಿಲ್ದಾಣದಲ್ಲೇ ಕಳೆದರೆಂದೂ ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಕಥೆಯನ್ನು ಬಳ್ಳಾರಿಯಲ್ಲಿ ಕೇಳದವರು ಕಡಿಮೆ.

ಕಾಂಗ್ರೆಸ್ಸಿನೊಳಗಿನ ಆ ಜಗಳವನ್ನು ಎನ್.ಸಿ. ಕೇಳ್ಕರ್ ಅವರ ಪಂಚಾಯಿತಿಗೆ ಒಪ್ಪಿಸಲಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರ ಸಮಿತಿಗೆ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಕಡೆಯ ತಾಲೂಕುಗಳು ಕರ್ನಾಟಕಕ್ಕೆ ಎಂದು ಆ ತೀರ್ಪು ಹೇಳಿತು. ಮೂವತ್ತು ವರ್ಷಗಳ ಮೇಲೆ ರಾಜ್ಯದ ಗೆರೆ ಬಿದ್ದದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಅಂದರೆ ನಮ್ಮ ಭೂಪಟವನ್ನು ಮೊದಲು ಬರೆದದ್ದು ಒಂದು ಪಕ್ಷದ ಸಮಿತಿಗಳ ಹಂಚಿಕೆ.

ಆ ಹಂಚಿಕೆಯಲ್ಲಿ ಯಾರು ಮಾತಾಡಿದರು? ವಕೀಲರು, ವ್ಯಾಪಾರಸ್ಥರು, ಜಮೀನಿದ್ದವರು, ಪತ್ರಿಕೆ ಓದುವವರು. ಮಾದಿಗ ಕೇರಿ, ಹೊಲೆಯ ಕೇರಿ, ಮಾಲರ ಕೇರಿಯ ಜನ ಎರಡೂ ಭಾಷೆಯ ಲೆಕ್ಕದೊಳಗೆ ತಲೆಯಾಗಿ ಸೇರಿದರೇ ಹೊರತು ನಾಲಿಗೆಯಾಗಿ ಅಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಗೌಡರ ಮುಂದೆ ಬರೀ ತಲೆ ಆಡಿಸುವುದು: ಇಂಥವರ ಮಾತೃಭಾಷೆ ಯಾವುದು ಅಂತ ಬರೆದುಕೊಳ್ಳುವುದು?

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮದರಾಸು ಸರಕಾರ ತನ್ನ ಮೊದಲ ಕಮ್ಯುನಲ್ ಜಿ.ಓ. ಹೊರಡಿಸಿತ್ತು. ಸರಕಾರಿ ನೌಕರಿಯಲ್ಲಿ ಯಾವ ಜಾತಿಯವರಿಗೆ ಎಷ್ಟು ಪಾಲು ಎಂದು ಕೇಳುವ ಆದೇಶ ಅದು. ಬಳ್ಳಾರಿಗೂ ಅನ್ವಯ. ಒಂದು ತಿಂಗಳ ಅಂತರದೊಳಗೆ ಎರಡು ಲೆಕ್ಕಗಳು ಶುರುವಾಗಿದ್ದವು, ಒಂದು ಭಾಷೆಯ ಲೆಕ್ಕ, ಇನ್ನೊಂದು ಜಾತಿಯ ಲೆಕ್ಕ. ಬಳ್ಳಾರಿಯ ಚರಿತ್ರೆ ಬರೆದವರು ಮೊದಲನೆಯದನ್ನು ಚಳವಳಿ ಎಂದು ಕರೆದರು. ಎರಡನೆಯದಕ್ಕೆ ಜಾತೀಯತೆ ಎಂಬ ಹೆಸರು ಬಿತ್ತು. ನಮ್ಮ ವಿಮರ್ಶೆ ಶುರುವಾಗಬೇಕಾದ್ದು ಈ ಹೆಸರಿಡುವ ಕಡೆಯಿಂದ.

ಗಾಂಧಿಯವರು 1934ರ ಮಾರ್ಚ್‌ನಲ್ಲಿ ಹರಿಜನ ಯಾತ್ರೆಯ ದಾರಿಯಲ್ಲಿ ಮತ್ತೆ ಬಳ್ಳಾರಿಗೆ ಬಂದರು. ಈ ಸಲ ಬಂದದ್ದು ಅಸ್ಪೃಶ್ಯತೆಯ ಹೆಸರಿನಲ್ಲೇ. ಆದರೂ ಜನರ ಬಾಯಲ್ಲಿ ಉಳಿದದ್ದು ರೈಲು ನಿಲ್ದಾಣದ ರಾತ್ರಿ. ಕೇರಿಗಾಗಿ ಬಂದ ಗಾಂಧಿ ಅಷ್ಟು ನೆನಪಿಗೆ ಬರುವುದಿಲ್ಲ.

3

ಎರಡನೆಯ ಅಕ್ಟೋಬರ್ 1 ಬಂದದ್ದು 1953ರಲ್ಲಿ. ಅದರ ಹಿಂದೆ ಒಂದು ಸಾವು ಇದೆ. ತೆಲುಗರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು 58 ದಿನ ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟರು. ನಾಲ್ಕೇ ದಿನದಲ್ಲಿ ಪ್ರಧಾನಿ ನೆಹರೂ ಆಂಧ್ರ ರಾಜ್ಯವನ್ನು ಘೋಷಿಸಿದರು. ಇದೇ ಶ್ರೀರಾಮುಲು 1946ರಲ್ಲಿ ನೆಲ್ಲೂರಿನ ದೇವಾಲಯಕ್ಕೆ ದಲಿತರನ್ನು ಬಿಡಬೇಕು ಎಂದು ಉಪವಾಸ ಕೂತಿದ್ದರು. ಆ ಉಪವಾಸ ಎಷ್ಟು ಮಂದಿಗೆ ನೆನಪಿದೆ? ಭಾಷೆಗಾಗಿ ಮಾಡಿದ ಉಪವಾಸ ಅವರನ್ನು ಅಮರಜೀವಿ ಮಾಡಿತು. ದಲಿತರಿಗಾಗಿ ಮಾಡಿದ್ದು ಜೀವನಚರಿತ್ರೆಯ ಒಂದು ಸಾಲಾಯಿತು. ಒಬ್ಬನೇ ಮನುಷ್ಯ, ಒಂದೇ ಹೊಟ್ಟೆ, ಒಂದೇ ಹಸಿವು, ಆದರೆ ಎರಡು ತೂಕ.

ಬಳ್ಳಾರಿಗೆ ಆಗ ಹತ್ತು ತಾಲೂಕು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗುವುದು, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬರುವುದು ಎಂದು ಮೊದಲೇ ತೀರ್ಮಾನವಾಯಿತು. ಉಳಿದದ್ದು ಬಳ್ಳಾರಿ ತಾಲೂಕು. ಅದರ ವಿಚಾರಣೆಗೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ನೇಮಿಸಿದರು. ಕುರುಗೋಡು ಆಗ ಬಳ್ಳಾರಿ ತಾಲೂಕಿನ ಒಳಗಿತ್ತು. ಹೀಗಾಗಿ ಸಿರುಗುಪ್ಪದವರಿಗೆ ತಾವು ಎಲ್ಲಿಯವರು ಅಂತ ಗೊತ್ತಾದ ಮೇಲೂ, ಪಕ್ಕದ ಕುರುಗೋಡಿನವರು ತಿಂಗಳುಗಟ್ಟಲೆ ಯಾವ ರಾಜ್ಯಕ್ಕೆ ಸೇರುತ್ತೇವೋ ಎಂದು ಕಾಯಬೇಕಾಯಿತು. ಕೊನೆಗೆ ಮಿಶ್ರಾ ವರದಿಯ ಮೇಲೆ ಬಳ್ಳಾರಿ ತಾಲೂಕೂ ಮೈಸೂರಿಗೆ ಬಂತು.

1953ರ ಅಕ್ಟೋಬರ್ 1ರಂದು ಕರ್ನೂಲು ರಾಜಧಾನಿಯಾಗಿ ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ, ಅದೇ ಕಾಯ್ದೆಯಡಿ, ಬಳ್ಳಾರಿಯ ಏಳು ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಕೆಂಗಲ್ ಹನುಮಂತಯ್ಯ ಆಗ ಮೈಸೂರಿನ ಮುಖ್ಯಮಂತ್ರಿ. ಬಳ್ಳಾರಿಯಲ್ಲಿ ಸಂಭ್ರಮಕ್ಕೆ ಪೆಂಡಾಲು ಹಾಕಿದ್ದರು. ಹಿಂದಿನ ರಾತ್ರಿ ಆ ಪೆಂಡಾಲನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬು ಎಸೆದು ಕೊಂದರು. ಕರ್ನಾಟಕ ಏಕೀಕರಣಕ್ಕೆ ಬಲಿಯಾದವರ ಸಾಲಿನಲ್ಲಿ ಮುಂದೆ ನಿಲ್ಲುವ ಹೆಸರು ಅದು. ಹತ್ತಿ ಹಿಂಜುವ ಕಸುಬಿನ ಜಾತಿಯಲ್ಲಿ ಹುಟ್ಟಿದ ಒಬ್ಬ ಮುಸಲ್ಮಾನ ಕನ್ನಡದ ಪೆಂಡಾಲು ಕಾಯುತ್ತ ಸತ್ತ. ಪೆಂಡಾಲಿನ ಒಳಗೆ ಕುರ್ಚಿ ಹಾಕಿಸಿಕೊಂಡವರು ಯಾರು, ರಾತ್ರಿ ಹೊರಗೆ ಕಾವಲು ನಿಂತವರು ಯಾರು ಎನ್ನುವ ಪ್ರಶ್ನೆಯನ್ನು ಏಕೀಕರಣದ ಚರಿತ್ರೆ ಕೇಳಿಕೊಂಡಿಲ್ಲ. ಇವತ್ತು ಅವರ ಹೆಸರನ್ನು ಭಾಷಾಭಿಮಾನದ ಭಾಷಣಗಳಲ್ಲಿ ಬಳಸುತ್ತಾರೆ. ಅದೇ ಬಾಯಿ ಮರುದಿನ ಮುಸಲ್ಮಾನರನ್ನು ಹೊರಗಿನವರು ಅನ್ನಲು ಹಿಂಜರಿಯುವುದಿಲ್ಲ.

4

ಈಗ ನಾನು ಮುಖ್ಯ ಎಂದುಕೊಂಡಿರುವ ಸಂಗತಿಗೆ ಬರುತ್ತೇನೆ. ಬಳ್ಳಾರಿಯನ್ನು ಮೈಸೂರಿಗೆ ಸೇರಿಸಿದ್ದು ‘ಆಂಧ್ರ ರಾಜ್ಯ ಕಾಯ್ದೆ, 1953’. ಅದು ಮಸೂದೆಯಾಗಿದ್ದಾಗ, ಅಕ್ಟೋಬರ್ 1ಕ್ಕೆ ಇನ್ನು ಒಂದು ತಿಂಗಳು ಇರುವಂತೆ, ಸೆಪ್ಟೆಂಬರ್ 2ರಂದು ರಾಜ್ಯಸಭೆಯಲ್ಲಿ ಅದರ ಮೇಲೆ ಬಾಬಾಸಾಹೇಬ್ ಅಂಬೇಡ್ಕರ್ ಮಾತಾಡಿದರು. ಆಗ ಅವರು ಮಂತ್ರಿಯಲ್ಲ. ಹಿಂದೂ ಕೋಡ್ ಬಿಲ್ಲಿನ ಪ್ರಶ್ನೆಯಲ್ಲಿ ಸಂಪುಟ ಬಿಟ್ಟು, ಲೋಕಸಭೆ ಚುನಾವಣೆಯಲ್ಲಿ ಸೋತು, ಮೇಲ್ಮನೆಗೆ ಬಂದಿದ್ದರು. ಸಂವಿಧಾನ ಬರೆದವನೇ ನೀನಲ್ಲವೇ ಎಂದು ಸದಸ್ಯರು ಚುಚ್ಚಿದಾಗ, ಅದನ್ನು ಸುಡುವವರಲ್ಲಿ ನಾನೇ ಮೊದಲಿಗನಾಗುತ್ತೇನೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದು ಇದೇ ಚರ್ಚೆಯಲ್ಲಿ.

ಆ ಒಂದು ಮಾತನ್ನು ಎಲ್ಲರೂ ಎತ್ತಿಕೊಂಡಿದ್ದಾರೆ. ಸಂವಿಧಾನದ ವಿರೋಧಿಗಳು ಅದನ್ನು ತಮ್ಮ ಅನುಕೂಲಕ್ಕೆ ತಿರುಚಿಕೊಂಡರೆ, ನಮ್ಮವರು ಕೆಲವರು ಮುಜುಗರಪಟ್ಟು ಮುಚ್ಚಿಡುತ್ತಾರೆ. ಅದನ್ನು ಯಾವ ಮಸೂದೆಯ ಮೇಲೆ, ಯಾವ ಸಿಟ್ಟಿನಲ್ಲಿ ಆಡಿದರು ಎಂದು ಕೇಳುವವರು ಕಡಿಮೆ. ಅವರ ವಾದ ಇಷ್ಟು. ಭಾಷೆಯ ಮೇಲೆ ರಾಜ್ಯ ಮಾಡಿದರೆ ಅಧಿಕಾರ, ಭೂಮಿ, ನೌಕರಿ ಎಲ್ಲವೂ ಆ ನೆಲದ ಒಂದೆರಡು ದೊಡ್ಡ ಜಾತಿಗಳ ಕೈಗೆ ಹೋಗುತ್ತವೆ. ಪ್ರತಿ ಹಳ್ಳಿಯಲ್ಲೂ ಊರಾಚೆ ನಾಲ್ಕು ಮನೆ ಕಟ್ಟಿಕೊಂಡು ಅವರ ಜಮೀನಿನಲ್ಲೇ ದುಡಿಯುವ ಅಸ್ಪೃಶ್ಯರು ಆಗ ಯಾರ ಕಡೆ ನೋಡಬೇಕು? ಆದ್ದರಿಂದ ಅಲ್ಪಸಂಖ್ಯಾತರನ್ನು ಕಾಯುವ ವಿಶೇಷ ಅಧಿಕಾರವನ್ನು ರಾಜ್ಯಪಾಲರಿಗೆ ಕೊಡಿ, ಬಹುಮತ ಅನ್ಯಾಯ ಮಾಡಿದಾಗ ತಡೆಯುವ ಒಂದು ಕೈ ಇರಲಿ. ಸದನ ಇದಕ್ಕೆ ಕಿವಿಗೊಡಲಿಲ್ಲ. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಪುಸ್ತಕ ಬರೆದಾಗಲೂ ಅವರು ಈ ಮಾತನ್ನು ಬಿಡಲಿಲ್ಲ.

ಕಾಯ್ದೆಯನ್ನು ಪೂರ್ತಿ ಓದಿದವರಿಗೆ ಇನ್ನೊಂದು ವಿಚಿತ್ರ ಕಾಣುತ್ತದೆ. ಅದರ 66ನೇ ಕಲಮು ತುಂಗಭದ್ರೆಗೆ ಸಂಬಂಧಿಸಿದ್ದು. ಅಣೆಕಟ್ಟು ಆಗತಾನೇ ನಿಂತಿತ್ತು. ನೀರು ಎರಡು ರಾಜ್ಯಕ್ಕೆ ಸೇರಬೇಕು, ಅಣೆಕಟ್ಟು ಒಂದೇ ಕಡೆ ಇದೆ, ಮೇಲಿನವರು ಕೆಳಗಿನವರಿಗೆ ಅನ್ಯಾಯ ಮಾಡಬಾರದು. ಹಾಗಾಗಿ ರಾಷ್ಟ್ರಪತಿಗಳೇ ವಿಶೇಷ ಏರ್ಪಾಡು ಮಾಡಬೇಕು ಎಂದು ಆ ಕಲಮು ಹೇಳಿತು. ಅದರಿಂದ ಹುಟ್ಟಿದ್ದೇ ತುಂಗಭದ್ರಾ ಮಂಡಳಿ. ಇವತ್ತಿಗೂ ಟಿ.ಬಿ. ಡ್ಯಾಮಿನಲ್ಲಿ ಕೂತು ಗೇಜು ನೋಡಿ ಟಿ.ಎಂ.ಸಿ. ಲೆಕ್ಕದಲ್ಲಿ ಪಾಲು ಹಂಚುತ್ತದೆ.

ಗೆಳೆಯರೆ, ಇದನ್ನು ಸ್ವಲ್ಪ ನಿಂತು ನೋಡಬೇಕು. ಒಂದೇ ಕಾಯ್ದೆ. ಮೇಲಿನವನು ಕೆಳಗಿನವನ ನೀರು ಕಟ್ಟಿಹಾಕಬಹುದು ಎಂಬ ಭಯ ನದಿಯ ವಿಷಯದಲ್ಲಿ ಎಲ್ಲರಿಗೂ ಅರ್ಥವಾಯಿತು, ಮಂಡಳಿಯೂ ಬಂತು. ಮೇಲಿನವನು ಕೆಳಗಿನವನ ನೀರು ಕಟ್ಟಿಹಾಕುತ್ತಾನೆ ಎಂದು ಬಾವಿಯ ಕಟ್ಟೆಯಿಂದ ದೂರ ನಿಂತವನೊಬ್ಬ ಹೇಳಿದಾಗ ಅದು ಅತಿರೇಕವಾಗಿ ಕಂಡಿತು. ಮೇಲು ಕೀಳು ಎನ್ನುವುದು ನೀರಿಗೆ ಇದ್ದರೆ ಎಂಜಿನಿಯರಿಂಗ್, ಮನುಷ್ಯರಿಗೆ ಇದ್ದರೆ ಸಂಪ್ರದಾಯ!

5

ಮೂರನೆಯ ಗೆರೆ ಬಿದ್ದದ್ದು 2013ರ ಅಕ್ಟೋಬರ್ 1ರಂದು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 98ನೇ ತಿದ್ದುಪಡಿ, ಅಂದರೆ 371(ಜೆ) ವಿಧಿ, ಜಾರಿಗೆ ಬಂದದ್ದು ಆ ದಿನ. 1953ಕ್ಕೆ ಸರಿಯಾಗಿ ಅರವತ್ತು ವರ್ಷ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ನಿಜಾಮನ ಕೈಯಲ್ಲಿರಲಿಲ್ಲ, ಮದರಾಸಿನಲ್ಲಿತ್ತು. ಆದರೂ ಹಿಂದುಳಿದ ಪ್ರದೇಶವೆಂದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜೊತೆ ಬಳ್ಳಾರಿಯನ್ನೂ ಸೇರಿಸಲಾಯಿತು.

ಈ ವಿಧಿ ಏನು ಹೇಳುತ್ತದೆ? ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದಲ್ಲಿ ನ್ಯಾಯವಾದ ಪಾಲು, ನೌಕರಿ ಮತ್ತು ಶಿಕ್ಷಣದಲ್ಲಿ ಸಮಾನ ಅವಕಾಶ. ಇವಕ್ಕೆಲ್ಲ ರಾಜ್ಯಪಾಲರಿಗೆ ವಿಶೇಷ ಹೊಣೆ. ಓದಿದಾಗ ಎಲ್ಲೋ ಕೇಳಿದ ಹಾಗೆ ಅನ್ನಿಸುವುದಿಲ್ಲವೇ? ದೊಡ್ಡ ರಾಜ್ಯದೊಳಗೆ ಸಣ್ಣದಾಗಿ ಉಳಿದವರನ್ನು ಬಹುಮತದ ಸರಕಾರದ ಕೈಗೆ ಪೂರ್ತಿ ಬಿಡಬಾರದು, ರಾಜ್ಯಪಾಲರಿಗೆ ಹೊಣೆ ಕೊಡಬೇಕು: 1953ರಲ್ಲಿ ಬಾಬಾಸಾಹೇಬರು ಇಟ್ಟ ತರ್ಕ ಇದೇ. ಆಗ ಜಾತಿಯ ಹೆಸರಿನಲ್ಲಿ ಒಪ್ಪದ ತರ್ಕವನ್ನು ಅರವತ್ತು ವರ್ಷದ ಮೇಲೆ ಪ್ರದೇಶದ ಹೆಸರಿನಲ್ಲಿ ಒಪ್ಪಿ ಸಂವಿಧಾನದಲ್ಲೇ ಬರೆದರು. ಅದೂ ಅದೇ ತಾರೀಕಿನಂದು.

371(ಜೆ) ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಹುಡುಗರು ಅದರಿಂದ ಮೆಡಿಕಲ್, ಎಂಜಿನಿಯರಿಂಗ್ ಸೀಟು ಪಡೆದಿದ್ದಾರೆ, ಆ ಪಾಲಿನೊಳಗೆ ಪರಿಶಿಷ್ಟರ ಪಾಲೂ ಇದೆ. ನನ್ನ ತಕರಾರು ಬೇರೆ. ಹಿಂದುಳಿದಿರುವಿಕೆ ಎನ್ನುವುದು ಭೂಪಟದ ಮೇಲೆ ಕಂಡರೆ ಎಲ್ಲ ಪಕ್ಷಗಳೂ ಒಂದಾಗುತ್ತವೆ, ಯಾರೂ ಪ್ರತಿಭೆಗೆ ಅನ್ಯಾಯ ಅನ್ನುವುದಿಲ್ಲ. ಏಕೆಂದರೆ ಅದರ ಲಾಭ ಜಮೀನುದಾರನ ಮಗನಿಗೂ ಇದೆ. ಅದೇ ಹಿಂದುಳಿದಿರುವಿಕೆ ಜಾತಿಯ ಮೇಲೆ ಕಂಡಾಗ ಕಾಲೇಜಿನ ಸ್ಟಾಫ್ ರೂಮಿನಲ್ಲೇ ‘ಇನ್ನೂ ಎಷ್ಟು ದಿನ ಕೊಡೋದ್ರಿ ಇವ್ರಿಗೆ’ ಎಂಬ ಮಾತು ಕೇಳುತ್ತದೆ. ಹಾಗೆ ಕೇಳಿದವರ ಜೇಬಿನಲ್ಲೂ ಒಂದು 371(ಜೆ) ಸರ್ಟಿಫಿಕೇಟು ಇರುತ್ತದೆ.

6

ಈ ಗೆರೆಗಳು ಕೇರಿಯ ಮೇಲೆ ಹೇಗೆ ಹಾದುಹೋಗಿವೆ? ಸಿರುಗುಪ್ಪದ ಕಡೆ ಹೋಗಿ ನೋಡಬೇಕು. ಸಿರುಗುಪ್ಪದ ಜನಕ್ಕೆ ಆದೋನಿ ಸಂತೆ ಹತ್ತಿರ, ಬಳ್ಳಾರಿಯವರಿಗೆ ಆಲೂರು, ರಾಯದುರ್ಗ ಹತ್ತಿರ. ಮಾದಿಗರ ಕೊಡುಕೊಳ್ಳುವ ಸಂಬಂಧ ಎಂದೂ ಈ ಗೆರೆ ನೋಡಿ ನಡೆದದ್ದಲ್ಲ. ಅತ್ತೆಮನೆ ಆ ಕಡೆ, ತವರುಮನೆ ಈ ಕಡೆ. ದೇವರು ಎರಡೂ ಕಡೆ, ಹಲಗೆಯ ಸದ್ದೂ ಎರಡೂ ಕಡೆ ಒಂದೇ.

ಆದರೆ ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯವಾರು. ಒಂದು ರಾಜ್ಯದ ಪರಿಶಿಷ್ಟರು ವಲಸೆ ಹೋದ ಇನ್ನೊಂದು ರಾಜ್ಯದಲ್ಲಿ ಮೀಸಲಾತಿ ಕೇಳುವಂತಿಲ್ಲ ಎಂದು 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎರಡೂ ಪಟ್ಟಿಯಲ್ಲಿ ಮಾದಿಗ ಎಂಬ ಹೆಸರಿದ್ದರೂ ಆದೋನಿಯ ಮಗಳು ಸಿರುಗುಪ್ಪಕ್ಕೆ ಸೊಸೆಯಾಗಿ ಬಂದಾಗ ಅವಳ ಸರ್ಟಿಫಿಕೇಟು ಗಡಿ ದಾಟುವುದಿಲ್ಲ. ಅಸ್ಪೃಶ್ಯತೆ ಮಾತ್ರ ಯಾವ ಸರ್ಟಿಫಿಕೇಟೂ ಇಲ್ಲದೆ ದಾಟುತ್ತದೆ. ಆದೋನಿಯ ಹೋಟಲಿನಲ್ಲಿ ಇದ್ದ ಬೇರೆ ಲೋಟ ಸಿರುಗುಪ್ಪದ ಕಡೆಯ ಹಳ್ಳಿ ಹೋಟಲಿಗೂ ಗೊತ್ತಿತ್ತು.

ಒಳಮೀಸಲಾತಿಯ ಕಥೆಯೂ ಇದೇ. ಆಂಧ್ರದ ಕಡೆ 1994ರಿಂದ ಮಾದಿಗ ದಂಡೋರ ಶುರುವಾಯಿತು. ಅದರ ಸದ್ದು ಬಳ್ಳಾರಿ, ರಾಯಚೂರಿನ ಕೇರಿಗಳಿಗೆ ಬೇಗ ಮುಟ್ಟಿತು. ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗದ ವರದಿಗಾಗಿ ನಮ್ಮವರು ಬೀದಿಗೆ ಬಂದರು. ಒಳವರ್ಗೀಕರಣ ಮಾಡಬಹುದು ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಆರು ಒಂದರ ಬಹುಮತದಿಂದ ತೀರ್ಪು ಕೊಟ್ಟದ್ದು 2024ರಲ್ಲಿ. ತಾರೀಕು ಆಗಸ್ಟ್ 1. ಅಣ್ಣಾಭಾವು ಸಾಠೆ ಹುಟ್ಟಿದ ದಿನ! ಮಾಂಗ, ಮಾದಿಗ ಎಂದು ಒಂದೇ ಕಸುಬಿನ, ಒಂದೇ ಹಲಗೆಯ ಜನ ದಶಕಗಳಿಂದ ಕೇಳಿದ್ದಕ್ಕೆ ಉತ್ತರ ಬಂದದ್ದು ಅವರದೇ ಕವಿಯ ಹುಟ್ಟುಹಬ್ಬದಂದು. ನ್ಯಾಯಾಲಯ ಅದನ್ನು ನೋಡಿ ತಾರೀಕು ಇಟ್ಟಿರಲಿಕ್ಕಿಲ್ಲ. ನಾವು ನೋಡಬಹುದು.

ತೀರ್ಪಿನ ನಂತರ 2025ರಲ್ಲಿ ಆಂಧ್ರ ತನ್ನ ಶೇ. 15ನ್ನು 1, 6.5, 7.5 ಎಂದು ಹಂಚಿತು. ಕರ್ನಾಟಕದ ಸಚಿವ ಸಂಪುಟ ಅದೇ ವರ್ಷ ಆಗಸ್ಟಿನಲ್ಲಿ ಶೇ. 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಅಣ್ಣ ಆಲೂರಿನಲ್ಲಿ, ತಂಗಿ ಬಳ್ಳಾರಿಯಲ್ಲಿ, ಇಬ್ಬರ ಮಕ್ಕಳ ಪಾಲು ಬೇರೆ ಬೇರೆ ಅಂಕಿ. 1953ರ ಅಕ್ಟೋಬರ್ 1 ಮುಗಿದುಹೋದ ದಿನವಲ್ಲ, ಇವತ್ತಿಗೂ ಅರ್ಜಿ ಫಾರಂ ತುಂಬುವಾಗ ನಡೆಯುತ್ತಿರುವ ದಿನ.

ನೀರಿನ ಕಥೆಯನ್ನೂ ಹೇಳಬೇಕು. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪ, ಕುರುಗೋಡಿನ ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ಕರಾವಳಿ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ರಾಜ್ಯದ ಗೆರೆ ಬಂಡವಾಳವನ್ನು ತಡೆಯಲಿಲ್ಲ. ಭತ್ತ ನಾಟಿಗೆ ಬಾಗಿದ ಬೆನ್ನುಗಳು ಮಾತ್ರ ಕೇರಿಯವೇ. ಭೂಮಿ ಇಲ್ಲದವನಿಗೆ ನೀರು ಬಂದರೆ ಸಿಗುವುದು ಕೂಲಿ, ಬಿಟ್ಟರೆ ಸೊಳ್ಳೆ.

ಗೆರೆ ಎಳೆಯುವ ಕೆಲಸ ಇನ್ನೂ ನಿಂತಿಲ್ಲ. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆಗೆ ಚಾಲನೆ ಕೊಟ್ಟರು. ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು. 2011ರ ಜನಗಣತಿಯಂತೆ ಅಖಂಡ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 21. ಹಡಗಲಿ, ಹಗರಿಬೊಮ್ಮನಹಳ್ಳಿಯ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳು ಹೊಸ ಜಿಲ್ಲೆಗೆ ಹೋದ ಮೇಲೆ, 2008ರಿಂದ ಇರುವ ವಿಂಗಡಣೆಯಲ್ಲಿ, ಈಗಿನ ಬಳ್ಳಾರಿ ಜಿಲ್ಲೆಯೊಳಗೆ ಪರಿಶಿಷ್ಟ ಜಾತಿಗೆ ಮೀಸಲಾದ ಒಂದೂ ವಿಧಾನಸಭಾ ಕ್ಷೇತ್ರ ಇಲ್ಲ. ಐದರಲ್ಲಿ ನಾಲ್ಕು ಪರಿಶಿಷ್ಟ ಪಂಗಡಕ್ಕೆ ಮೀಸಲು. ಅದು ಅವರ ಹಕ್ಕು, ಅದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಜಿಲ್ಲೆ ಒಡೆಯುವಾಗ ಕೇರಿಯ ದನಿ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ ಎನ್ನುವುದು ನೋವು.

7

ಇಷ್ಟು ಹೊತ್ತು ತಾರೀಕಿನ ಮಾತಾಡಿದೆ. ಆದರೆ ನಮ್ಮ ಕೇರಿಯ ಹಿರಿಯರಿಗೆ ತಾರೀಕು ಎಲ್ಲಿತ್ತು? ಅವರದು ಅಮಾಸಿ, ಹುಣ್ಣಿವಿಯ ಲೆಕ್ಕ. ಕುರುಗೋಡು ದೊಡ್ಡಬಸವೇಶ್ವರನ ತೇರು ಆದ ಮೇಲೆ, ಬರ ಬಿದ್ದ ವರ್ಷ, ಡ್ಯಾಮು ಕಟ್ಟುವಾಗ: ಹೀಗೆ ಅವರ ಕಾಲ. ಆ ಪಂಚಾಂಗವೂ ಅವರದಲ್ಲ. ಯಾವ ಹುಣ್ಣಿಮೆಗೆ ಯಾರು ಹಲಗೆ ಬಾರಿಸಬೇಕು, ಯಾರು ದೂರ ನಿಲ್ಲಬೇಕು ಎಂದು ಬರೆದಿಟ್ಟ ಕಾಲ ಅದು. ದೇವದಾಸಿ ಬಿಡುವ ಪದ್ಧತಿಯನ್ನು ಮದರಾಸು ಸರಕಾರ 1947ರ ಕಾಯ್ದೆಯಿಂದ ನಿಷೇಧಿಸಿತು. ಬಳ್ಳಾರಿ ಆಗ ಮದರಾಸಿನಲ್ಲೇ ಇತ್ತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿದ್ದು 1982ರಲ್ಲಿ. ಈ ನಡುವಿನ ಎಷ್ಟೋ ಹುಣ್ಣಿಮೆಗಳಲ್ಲಿ ನಮ್ಮ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿದರು. ಕಾಯ್ದೆ ತಾರೀಕಿನಲ್ಲಿತ್ತು, ದೌರ್ಜನ್ಯ ತಿಥಿಯಲ್ಲಿತ್ತು.

ಕೇರಿಗೆ ತಾರೀಕು ಬಂದದ್ದು ಶಾಲೆಯಿಂದ. ನಾನು ಪಾಠ ಮಾಡುವ ತರಗತಿಗಳ ದಾಖಲಾತಿ ಪುಸ್ತಕ ತೆರೆದರೆ ಎಷ್ಟೋ ವಿದ್ಯಾರ್ಥಿಗಳ, ಅದಕ್ಕಿಂತ ಹೆಚ್ಚಾಗಿ ಅವರ ಅಪ್ಪಂದಿರ, ಹುಟ್ಟಿದ ದಿನ ಜೂನ್ 1. ಶಾಲೆ ಶುರುವಾಗುವ ದಿನ. ಹುಟ್ಟಿದ್ದು ಯಾವಾಗ ಅಂತ ಹೇಳಲಾರದ ತಾಯಿಯ ಮುಂದೆ ಹೆಡ್ ಮಾಸ್ತರರು ಬರೆದುಕೊಂಡ ತಾರೀಕು. ಇಡೀ ಕೇರಿಗೆ ಒಂದೇ ಹುಟ್ಟುಹಬ್ಬ. ಇದನ್ನು ನಾವು ನಗೆಯಾಗಿ ಹೇಳಿಕೊಳ್ಳುತ್ತೇವೆ. ಆದರೆ ಇನ್ನೊಂದು ಸಂಗತಿ: ಅಸ್ಪೃಶ್ಯತೆ ಆಚರಿಸುವುದನ್ನು ಅಪರಾಧ ಎಂದು ಸಾರಿದ ದೇಶದ ಮೊದಲ ಕಾಯ್ದೆ ಜಾರಿಗೆ ಬಂದದ್ದು 1955ರ ಜೂನ್ 1ರಂದು. ಮಾಸ್ತರರಿಗೆ ಅದು ಗೊತ್ತಿರಲಿಲ್ಲ, ತಾಯಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನಮ್ಮ ಮಕ್ಕಳನ್ನು ಕಾಯ್ದೆ ಹುಟ್ಟಿದ ದಿನದಂದು ಹುಟ್ಟಿಸಿದ್ದಾರೆ. ಹುಟ್ಟಿದ ದಿನ ಕಳೆದುಕೊಂಡವರಿಗೆ ಸಿಕ್ಕ ಈ ದಿನವನ್ನು ನಾಚಿಕೆಯಿಂದ ಅಲ್ಲ, ಹಕ್ಕಿನಿಂದ ಇಟ್ಟುಕೊಳ್ಳಬಹುದು.

ತಿಥಿಯನ್ನೂ ತಾರೀಕನ್ನೂ ಒಟ್ಟಿಗೆ ಹಿಡಿದವರು ಬಾಬಾಸಾಹೇಬರು. ನಾಗಪುರದ ದೀಕ್ಷೆಗೆ ಅವರು ಆರಿಸಿದ 1956ರ ಅಕ್ಟೋಬರ್ 14 ಆ ವರ್ಷದ ವಿಜಯದಶಮಿ. ಅರಸರ ಆಯುಧಪೂಜೆಯ ಹಬ್ಬವನ್ನು ಆಯುಧ ಕೆಳಗಿಟ್ಟ ಅಶೋಕನ ಹೆಸರಿಗೆ ತಿರುಗಿಸಿದರು. ಅದಾಗಿ ಹದಿನೆಂಟು ದಿನಕ್ಕೆ, ನವೆಂಬರ್ 1ರಂದು, ಏಕೀಕೃತ ಮೈಸೂರು ರಾಜ್ಯ ಹುಟ್ಟಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟರು. ಅದಾಗಿ ಹದಿನೆಂಟನೇ ದಿನ, ನವೆಂಬರ್ 19ರಂದು, ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದರು. ನಾಡಿನ ಹೆಸರು ಬದಲಾದ ಸಂಭ್ರಮ ಇಳಿಯುವ ಮೊದಲೇ ಆ ಮಾತಿಗಾಗಿ ದಲಿತ ಮಂತ್ರಿಯೊಬ್ಬ ಅಧಿಕಾರ ಬಿಡಬೇಕಾಯಿತು.

ಅಶೋಕನನ್ನು ನೆನೆಯಲು ನಾವು ನಾಗಪುರದ ತನಕ ಹೋಗಬೇಕಿಲ್ಲ. ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದ ಬಂಡೆಗಳ ಮೇಲೆ ಅವನ ಶಾಸನಗಳಿವೆ. ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಅಲ್ಲ, ಅಶೋಕ ಎಂಬ ಅವನ ಹೆಸರೇ ಸಿಗುವ ಕೆಲವೇ ಜಾಗಗಳಲ್ಲಿ ಇವು ಎರಡು. ಕಳಿಂಗದ ಶಾಸನಗಳಲ್ಲಿ ಅವನು ಒಂದು ಮಾತು ಬರೆಸಿದ್ದಾನೆ. ಈ ಬರಹವನ್ನು ತಿಷ್ಯ ನಕ್ಷತ್ರದ ದಿನ ಜನರಿಗೆ ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದು. ಒಂದು ದಿನವನ್ನು ಆಚರಿಸುವುದು ಎಂದರೆ ಹಾರ ಹಾಕುವುದಲ್ಲ, ಓದಿ ಹೇಳುವುದು ಎಂದು ಎರಡು ಸಾವಿರ ವರ್ಷಗಳ ಹಿಂದೆಯೇ ಹೇಳಿದ ಮಾತು ಅದು.

ಹಾಗಾದರೆ ಅಕ್ಟೋಬರ್ 1ರಂದು ಬಳ್ಳಾರಿಯಲ್ಲಿ ನಾವು ಏನು ಓದಬೇಕು? ಆಂಧ್ರ ರಾಜ್ಯ ಮಸೂದೆಯ ಮೇಲೆ ಬಾಬಾಸಾಹೇಬರು ಮಾಡಿದ ಭಾಷಣವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಓದಬೇಕು. ಅದರ ಪಕ್ಕದಲ್ಲಿ ಅದೇ ಕಾಯ್ದೆಯ 66ನೇ ಕಲಮನ್ನೂ 371(ಜೆ) ವಿಧಿಯನ್ನೂ ಇಟ್ಟು ಓದಬೇಕು. ರಂಜಾನ್ ಸಾಬರ ಹೆಸರನ್ನು ದ್ವೇಷದ ಭಾಷಣಗಳಿಂದ ಬಿಡಿಸಿಕೊಂಡು ಬರಬೇಕು. ಶ್ರೀರಾಮುಲು ಅವರ ಮೊದಲ ಉಪವಾಸವನ್ನು ಆಂಧ್ರದ ಗೆಳೆಯರಿಗೆ ನೆನಪು ಮಾಡಬೇಕು. ಆಲೂರು, ಆದೋನಿ, ರಾಯದುರ್ಗದ ಸಂಘಟನೆಗಳ ಜೊತೆ ಕೂತು, ಗೆರೆಯ ಎರಡೂ ಕಡೆಯ ಕೇರಿಗಳ ಮದುವೆ, ಕೂಲಿ, ಭೂಮಿ, ಸರ್ಟಿಫಿಕೇಟಿನ ಕಥೆಗಳನ್ನು ಬರೆದುಕೊಳ್ಳುವ ಕೆಲಸ ನಮ್ಮ ಪದವಿ ವಿದ್ಯಾರ್ಥಿಗಳಿಂದಲೇ ಶುರುವಾಗಬಹುದು. ಒಂದು ಬೇಸಿಗೆ ರಜೆ ಸಾಕು, ಒಂದು ನೋಟ್‌ಬುಕ್ಕು ಸಾಕು.

ನೀರಿಗೊಂದು ಮಂಡಳಿ ಇದೆ, ಪ್ರದೇಶಕ್ಕೊಂದು ಮಂಡಳಿ ಇದೆ. ಹಳ್ಳಿಯೊಳಗೆ ಊರಿಗೂ ಕೇರಿಗೂ ನಡುವೆ ಎಳೆದಿರುವ ಗೆರೆಯನ್ನು ಯಾವ ಆಯೋಗಕ್ಕೆ ಒಪ್ಪಿಸಬೇಕು, ಅದರ ತೀರ್ಪು ಯಾವ ವರ್ಷದ ಅಕ್ಟೋಬರ್ 1ಕ್ಕೆ ಬರಬೇಕು? ಬಳ್ಳಾರಿಯ ಉತ್ಸವ ಸಮಿತಿಗಳು ಉತ್ತರ ಹೇಳಲಿ.